ಮೂವತ್ತು ಸಲ ಅಗಿಯುವಷ್ಟರಲ್ಲಿ

ಮೊನ್ನೆ ವಾಷಿಂಗ್ ಮಶೀನಿನಿಂದ ಹೊರಬಂದ ನನ್ನ ಅಂಗಿಗಳಿಗೆಲ್ಲ ಯಾರೋ ಗಂಜಿ ಹಾಕಿದಂತಾಗಿತ್ತು. ಜೇಬಿನಲ್ಲಿ ಮರೆತಿದ್ದ ಪುಟಾಣಿ, ಅಂದರೆ ಹುರಿಗಡಲೆ, ನೆನೆದು, ಅರೆದು, ಹಿಟ್ಟಾಗಿ ಮನೆಮಂದಿಯ ಬಟ್ಟೆಗೆಲ್ಲ ಸಮಪಾಲಾಗಿ ಹಂಚಿಹೋಗಿತ್ತು. ಹೆಂಡತಿ ಸುನಂದಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಪಾಟಿನಲ್ಲಿದ್ದ ನನ್ನ ಅಷ್ಟೂ ಅಂಗಿಗಳ ಜೇಬು ತಿರುವಿ, ಸಿಕ್ಕಿದ್ದನ್ನೆಲ್ಲ ಒಂದು ತಾಟಿನಲ್ಲಿಟ್ಟು ನನ್ನ ಮುಂದೆ ತಂದಳು. ಪುಟಾಣಿ, ಹುರಿದ ಶೇಂಗಾ, ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿ, ಬೆವರೊರೆಸಿ ಒರೆಸಿ ಬಣ್ಣಗೆಟ್ಟ ಕರವಸ್ತ್ರ. ಐವತ್ತಾರು ವರ್ಷದ ಅರಿಶಿನ ವ್ಯಾಪಾರಿಯ ಜೇಬಿನಲ್ಲಿ ಇರಬೇಕಾದ ಸಾಮಾನುಗಳಲ್ಲ ಇವು. ಬಾಲವಾಡಿಗೆ ಹೋಗುವ ಹುಡುಗನ ಜೇಬಿನಲ್ಲೂ ಇದಕ್ಕಿಂತ ಮರ್ಯಾದೆಯ ವಸ್ತುಗಳು ಸಿಕ್ಕಾವು.

ಈ ಪುಟಾಣಿಯ ಕಥೆ ಹೇಳಬೇಕೆಂದರೆ ನನ್ನ ಹೊಟ್ಟೆಯ ಕಥೆ ಹೇಳಬೇಕು. ಕೂತು ಹೇಳುತ್ತೇನೆಂದು ಮಾತು ಕೊಡಲಾರೆ. ಈಗಷ್ಟೇ ನಾಲ್ಕು ತುತ್ತು ತಿಂದಿದ್ದೇನೆ. ಅದು ಒಳಗೆ ಹೋಗಿ ಏನು ತೀರ್ಮಾನ ಮಾಡುತ್ತದೋ ತಿಳಿಯಲು ಇಪ್ಪತ್ತು ನಿಮಿಷ ಬೇಕು. ಅಲ್ಲಿಯವರೆಗೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ತಿರುಗಾಡುವುದು ನನ್ನ ಅಭ್ಯಾಸ. ನೀವು ಕೂತುಕೊಳ್ಳಿ, ನನ್ನನ್ನು ನೋಡಿ ನಿಮಗೂ ಕಾಲು ಸುಮ್ಮನಿರದಂತಾದರೆ ಕ್ಷಮಿಸಿ.

ಎಂಟು ವರ್ಷದ ಹಿಂದೆ ನಾನು ನೂರಾ ನಲವತ್ತೆರಡು ಕಿಲೋ ಇದ್ದೆ. ಸಾಂಗಲಿಯ ಪೇಟೆಯಲ್ಲಿ ಅರಿಶಿನದ ಚೀಲ ತೂಗುವ ಕಾಟಾದ ಮೇಲೆ ಹಮಾಲರು ಒಮ್ಮೆ ನನ್ನನ್ನು ತಮಾಷೆಗೆ ನಿಲ್ಲಿಸಿ ತೂಗಿದ್ದರು, ಅದಕ್ಕೇ ಇಷ್ಟು ಕರಾರುವಾಕ್ಕಾಗಿ ಗೊತ್ತು. ಸಕ್ಕರೆ ಕಾಯಿಲೆ ಬಂದಿತ್ತು. ನಿದ್ದೆಯಲ್ಲಿ ಉಸಿರು ನಿಲ್ಲುತ್ತಿತ್ತು. ನಿಂತ ಉಸಿರು ಮತ್ತೆ ಶುರುವಾಗುವವರೆಗೆ ಸುನಂದಾ ಎದ್ದು ಕೂತಿರುತ್ತಿದ್ದಳು. ಕೊನೆಗೆ ಪುಣೆಗೆ ಹೋಗಿ ಹೊಟ್ಟೆ ಕತ್ತರಿಸಿಕೊಂಡೆ. ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲವನ್ನಷ್ಟೇ ಉಳಿಸಿ, ಅದನ್ನು ನೇರ ಕೆಳಗಿನ ಕರುಳಿಗೆ ಜೋಡಿಸುತ್ತಾರೆ. ಆ ಚೀಲ ಎಷ್ಟು ದೊಡ್ಡದಿರುತ್ತದೆಂದು ಕೇಳಿದೆ. ಡಾಕ್ಟರು "ಕೋಳಿಯ..." ಎಂದು ಬಾಯಿ ತೆರೆದವರು, ಎದುರಿನ ಕಾಗದದಲ್ಲಿ ಜೈನ್ ಎಂದಿದ್ದುದನ್ನು ಕಂಡು "ನಿಂಬೆಹಣ್ಣಿನಷ್ಟು" ಎಂದು ತಿದ್ದಿಕೊಂಡರು. ಒಳ್ಳೆಯ ಮನುಷ್ಯ. ನನ್ನ ಸಕ್ಕರೆ ಕಾಯಿಲೆ ಹೋಯಿತು, ಉಸಿರು ನಿಲ್ಲುವುದು ಹೋಯಿತು, ಅರವತ್ತು ಕಿಲೋ ಹೋಯಿತು. ಅವರಿಲ್ಲದಿದ್ದರೆ ಈ ಹೊತ್ತಿಗೆ ನನ್ನ ಫೋಟೋಕ್ಕೆ ಹಾರ ಬಿದ್ದಿರುತ್ತಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಗೊಣಗುವುದನ್ನು ಕೇಳಿ ನೀವು ತಪ್ಪು ತಿಳಿಯಬಾರದು.

ಆದರೆ ನಿಂಬೆಹಣ್ಣು ಬಹಳ ಸಿಟ್ಟಿನ ಪ್ರಾಣಿ. ಒಂದು ತುತ್ತು ಅವಸರದಲ್ಲಿ ನುಂಗಿದರೆ ಎದೆಯ ನಡುವೆ ಗೂಟ ಹೊಡೆದಂತೆ ನಿಂತುಬಿಡುತ್ತದೆ. ಸಿಹಿ ತಿಂದರೆ ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಮೈತುಂಬ ಬೆವರು, ಹೊಟ್ಟೆಯಲ್ಲಿ ಬಿರುಸು, ಮತ್ತು ತಡೆಯಲಾಗದ ಒಂದು ತುರ್ತು. ಅದು ದಾಟಿತು ಎಂದುಕೊಂಡರೆ ಎರಡು ತಾಸಿಗೆ ರಕ್ತದ ಸಕ್ಕರೆ ಜರ್ರನೆ ಇಳಿದು ಕೈ ನಡುಗುತ್ತದೆ, ಎದುರಿಗಿದ್ದವರ ಮಾತು ದೂರದಿಂದ ಬಂದಂತೆ ಕೇಳುತ್ತದೆ. ಆಗ ಬಾಯಿಗೆ ಎಸೆದುಕೊಳ್ಳಲು ಈ ಪುಟಾಣಿ. ಮೊದಲ ಎರಡು ವರ್ಷ ಇದೆಲ್ಲ ಇಷ್ಟಿರಲಿಲ್ಲ. ನಾಲ್ಕನೆಯ ವರ್ಷದಿಂದ ಜೋರಾಯಿತು. ಈಗ ಮಿರಜಿನ ಡಾಕ್ಟರೊಬ್ಬರು ನೋಡುತ್ತಾರೆ. ತಿಂಗಳಿಗೊಮ್ಮೆ ಸೂಜಿ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ನನ್ನ ಹೆಸರು ಶೀತಲ. ತೀರ್ಥಂಕರರ ಹೆಸರೆಂದು ನಮ್ಮ ಕಡೆ ಗಂಡಸರಿಗೂ ಇಡುತ್ತಾರೆ, ಆದರೆ ಲ್ಯಾಬಿನ ಹುಡುಗಿಗೆ ಅದು ಗೊತ್ತಿರಬೇಕಲ್ಲ. "ಶೀತಲ ತಾಯಿ ಕೋಣ?" ಎಂದು ಶೀತಲ ಅಕ್ಕ ಯಾರೆಂದು ಹುಡುಕಿ ಕೂಗುತ್ತಾಳೆ. ನಾನು ಮೀಸೆ ಸವರುತ್ತ ಎದ್ದು ನಿಲ್ಲುತ್ತೇನೆ. ಕೂತವರಿಗೆ ಕಾಯುವ ಬೇಸರ ಸ್ವಲ್ಪ ಕಡಿಮೆಯಾಗುತ್ತದೆ.

ಸಾಂಗಲಿಯಿಂದ ಮಿರಜಿಗೆ ಹೋಗುವ ರಸ್ತೆಯಲ್ಲಿ ನಿಮಗೆ ಮದುವೆಯ ಮಂಗಲ ಕಾರ್ಯಾಲಯಗಳು, ದವಾಖಾನೆಗಳು, ಮೋಟಾರಿನ ಶೋರೂಮುಗಳು ಕಾಣಬಹುದು. ನನಗೆ ಕಾಣುವುದು ಪಾಯಖಾನೆಗಳು ಮಾತ್ರ. ಯಾವ ಪೆಟ್ರೋಲ್ ಪಂಪಿನದ್ದಕ್ಕೆ ಚಿಲಕವಿಲ್ಲ, ಯಾವ ಕಾರ್ಯಾಲಯದ ವಾಚಮನ್ ಮುಖ ನೋಡಿಯೇ ಬೀಗ ತೆಗೆಯುತ್ತಾನೆ, ಯಾವ ದವಾಖಾನೆಯಲ್ಲಿ ಪೇಶಂಟ್ ನೋಡಲು ಬಂದವನಂತೆ ಗಂಭೀರವಾಗಿ ಒಳಗೆ ನಡೆದರೆ ಯಾರೂ ತಡೆಯುವುದಿಲ್ಲ, ಎಲ್ಲ ಬಾಯಿಪಾಠ. ದೂರದೂರದಿಂದ ಜನ ಜೀವ ಉಳಿಸಿಕೊಳ್ಳಲು ಮಿರಜಿನ ದವಾಖಾನೆಗಳಿಗೆ ಬರುತ್ತಾರೆ. ಅವು ಉಳಿಸಿಕೊಟ್ಟ ನನ್ನ ಮಾನದ ಲೆಕ್ಕ ಯಾರಿಗೂ ಗೊತ್ತಿಲ್ಲ.

ಮಿರಜಿನಲ್ಲಿ ಅವ್ವ ಇದ್ದಾಳೆ, ತಮ್ಮನ ಸಂಸಾರದ ಜೊತೆ. ಸಲಗರೆ ಎಂಬ ಹಳ್ಳಿಯ ಮಗಳು. ಮಿರಜಿಗೆ ಸೊಸೆಯಾಗಿ ಬಂದು ಅರವತ್ತು ವರ್ಷವಾಯಿತು. ಪೇಟೆಗೆ ಹೋದರೆ ಮರಾಠಿ, ಒಲೆಯ ಮುಂದೆ ಕನ್ನಡ. ಈ ಅರವತ್ತು ವರ್ಷದಲ್ಲಿ ಹೊತ್ತು ಮುಳುಗಿದ ಮೇಲೆ ಅವಳ ಬಾಯಿಗೆ ಒಂದು ಗುಟುಕು ನೀರು ಹೋಗಿಲ್ಲ, ಅವಳ ಅಡುಗೆಮನೆಯಲ್ಲಿ ಒಂದು ತಾಟು ಬಡಿಸಿಲ್ಲ. ಕತ್ತಲಲ್ಲಿ ಕಾಣದ ಜೀವಗಳು ತುತ್ತಿನ ಜೊತೆ ಹೋದಾವು ಎಂಬ ನಮ್ಮವರ ನೇಮ ಅದು. ನಾನು ಸಾಂಗಲಿಯಲ್ಲಿ ಮನೆ ಮಾಡಿ ಸಡಿಲಾದೆ, ಅವಳು ಸಡಿಲಾಗಲಿಲ್ಲ. ಮನುಷ್ಯನ ಎಲ್ಲ ರೋಗಕ್ಕೂ ಅವಳಲ್ಲಿ ಒಂದೇ ಔಷಧ, ಬಾಯಿ ಕಟ್ಟುವುದು. ಬಾಯಿ ಕಟ್ಟಲಾರದೆ ಹೊಟ್ಟೆಯನ್ನೇ ಕತ್ತರಿಸಿಕೊಂಡೆ ಎಂದು ಇಂಥವಳಿಗೆ ಹೇಗೆ ಹೇಳಲಿ? ನಾಚಿಕೆಯಾಯಿತು. ಪಿತ್ತದ ಖಡಾ, ಅಂದರೆ ಪಿತ್ತಕೋಶದಲ್ಲಿ ಹರಳು, ಅದರ ಆಪರೇಷನ್ ಎಂದು, ಮೈ ಇಳಿದದ್ದು ಆಮೇಲಿನ ಪಥ್ಯಕ್ಕೆ ಎಂದು ಫೋನಿನಲ್ಲಿ ಮರಾಠಿಯಲ್ಲಿ ಹೇಳಿದೆ. ಸುಳ್ಳು ಹೇಳುವಾಗ ನಾನು ಮರಾಠಿಗೆ ಜಾರುತ್ತೇನೆ. ಅವ್ವನಿಗೆ ಕನ್ನಡದಲ್ಲಿ ಸುಳ್ಳು ಹೇಳಿ ನನಗೆ ರೂಢಿಯಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ. ಎರಡು ವರ್ಷಕ್ಕೆ ಪಿತ್ತಕೋಶದಲ್ಲಿ ನಿಜವಾಗಿಯೇ ಹರಳು ಕಟ್ಟಿತು. ಬೇಗ ತೂಕ ಇಳಿದವರಿಗೆ ಹೀಗಾಗುವುದುಂಟು ಎಂದರು ಡಾಕ್ಟರು. ಒಮ್ಮೆ ತೆಗೆಸಿದ್ದನ್ನು ಮತ್ತೆ ಹೇಗೆ ತೆಗೆಸುವುದು? ಈ ಸಲ ಅವ್ವನಿಗೆ ಹರ್ನಿಯಾ ಎಂದೆ. ಆವತ್ತಿನಿಂದ, ಎಲ್ಲಿ ಅದೂ ಬಂದುಬಿಡುತ್ತದೋ ಎಂದು ಸೀನುವಾಗಲೂ ಹೊಟ್ಟೆ ಹಿಡಿದುಕೊಳ್ಳುತ್ತೇನೆ.

ಅಷ್ಟಕ್ಕೂ ನಾನು ಯಾಕೆ ಅಷ್ಟು ತಿನ್ನುತ್ತಿದ್ದೆ? ಡಯಟಿಶಿಯನ್ ಈ ಪ್ರಶ್ನೆಯನ್ನು ಒಂದು ಫಾರಮಿನಲ್ಲಿ ಕೇಳಿದ್ದರು, ಉತ್ತರಕ್ಕೆ ಅರ್ಧ ಗೆರೆ ಜಾಗ. ಆ ಅರ್ಧ ಗೆರೆಯಲ್ಲಿ ಮಿರಜಿನ ನಮ್ಮ ಮನೆಯ ಸಂಜೆ ಹಿಡಿಯುತ್ತದೆಯೇ? ಗಲ್ಲಿಯಲ್ಲಿ ಚಿಣಿದಾಂಡು ಭರ್ಜರಿಯಾಗಿ ನಡೆದಿರುವಾಗ ಅವ್ವನ ಕೂಗು ಕೇಳುತ್ತಿತ್ತು. ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸಬೇಕು. ಆಮೇಲೆ ಬೆಳಗಿನವರೆಗೆ ಏನೂ ಸಿಗುವುದಿಲ್ಲ. ಈ 'ಏನೂ ಸಿಗುವುದಿಲ್ಲ' ಎಂಬ ಮಾತು ಏಳು ವರ್ಷದ ನನ್ನನ್ನು ಹುಲಿಯಂತೆ ಹೆದರಿಸುತ್ತಿತ್ತು. ಹಿತ್ತಲ ಬಾಗಿಲಿನಿಂದ ಕೆಂಪು ಬಿಸಿಲನ್ನು ಒಂದು ಕಣ್ಣಲ್ಲಿ ನೋಡುತ್ತ, ಇಡೀ ರಾತ್ರಿಗೆ ಸಾಕಾಗುವಷ್ಟನ್ನು ಗಬಗಬ ತುರುಕಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತ ಅಕ್ಕ ಎರಡು ಜೋಳದ ಭಾಕರಿಗೆ ಕೈ ತೊಳೆದರೆ ನಾನು ಐದಕ್ಕೆ. ಮಂದಿ ನನ್ನನ್ನು ಢಬ್ಬ್ಯಾ, ಅಂದರೆ ಡುಮ್ಮ, ಎಂದು ಕರೆಯುವುದು ಆಗಲೇ ಶುರುವಾಯಿತು. ಮುಂದೆ ಮದುವೆಗಳಲ್ಲಿ ಜಿಲೇಬಿಯ ಪಂದ್ಯಕ್ಕೆ ನನ್ನನ್ನು ಬೇರೆ ಊರಿನಿಂದ ಕರೆಸುವಷ್ಟು ಹೆಸರಾದೆ. ತಪ್ಪು ನೇಮದ್ದಲ್ಲ, ಅಕ್ಕನೂ ಅದೇ ನೇಮದಲ್ಲಿ ಬೆಳೆದು ಬಳ್ಳಿಯಂತಿದ್ದಾಳೆ. ತಪ್ಪು ನನ್ನ ಹೆದರಿಕೆಯದು.

ತಾಳಿ, ನಿಂಬೆಹಣ್ಣು ಏನೋ ಹೇಳುತ್ತಿದೆ. ಇಲ್ಲ, ಗುರುಗುಟ್ಟಿ ಸುಮ್ಮನಾಯಿತು.

ಹೋದ ವರ್ಷ ನಮ್ಮ ಬಸ್ತಿಯಲ್ಲಿ ಪೂಜೆಯಾದ ಮೇಲೆ ಊಟವಿತ್ತು. ಬಸ್ತಿ ಅಂದರೆ ನಮ್ಮ ಜಿನಮಂದಿರ. ಪಂಕ್ತಿಯಲ್ಲಿ ಬಡಿಸುತ್ತ ಬಂದ ಚಂಪಾಕಾಕು, ನಮ್ಮ ಓಣಿಯ ಹಿರಿಯಾಕೆ, ನನ್ನ ತಾಟಿನ ಮುಂದೆ ನಿಂತಳು. ಒಂದು ಹಿಡಿ ಅನ್ನ, ಎರಡು ಚಮಚ ಬೇಳೆ, ಅಷ್ಟೇ ಇತ್ತು. ಜಿಲೇಬಿಯ ನನ್ನ ಹಳೆಯ ಕೀರ್ತಿಯನ್ನು ಕಣ್ಣಾರೆ ಕಂಡವಳು ಆಕೆ. ಬಹಳ ಹೊತ್ತು ನೋಡಿ, "ಶೀತಲಾ, ಊನೋದರ ಮಾಡ್ಲಿಕ್ಹತ್ತೀ ಏನು?" ಎಂದು ಕೇಳಿದಳು. ಊನೋದರ ಅಂದರೆ ಹೊಟ್ಟೆ ತುಂಬುವ ಮೊದಲೇ ತುತ್ತು ನಿಲ್ಲಿಸುವ ತಪಸ್ಸು. ಉಪವಾಸಕ್ಕಿಂತ ಕಷ್ಟದ್ದು ಎನ್ನುತ್ತಾರೆ ನಮ್ಮ ಹಿರಿಯರು. ಉಪವಾಸದಲ್ಲಿ ತಾಟೇ ಮುಂದಿರುವುದಿಲ್ಲ, ಇಲ್ಲಿ ತಾಟಿನ ಮುಂದೆ ಕೂತು ಕೈ ತಡೆಯಬೇಕು. ನನ್ನ ಬಾಯಲ್ಲಿ ಆಗಷ್ಟೇ ಒಂದು ತುತ್ತಿತ್ತು. ಮೂವತ್ತು ಸಲ ಅಗಿಯದೆ ನುಂಗಬಾರದು, ಅಗಿಯುವಾಗ ಮಾತಾಡಿದರೆ ಗಾಳಿ ಸೇರುತ್ತದೆ ಎಂದು ಡಯಟಿಶಿಯನ್ನರ ಕಟ್ಟಪ್ಪಣೆ. ಏನೋ ಒಂದು ಎಂದು ತಲೆಯಾಡಿಸಿದೆ. ನುಂಗಿ ಹಾಗಲ್ಲವೆಂದು ವಿವರಿಸೋಣ ಎಂದುಕೊಂಡಿದ್ದೆ. ಹನ್ನೆರಡನೆಯ ಸಲ ಅಗಿಯುವಾಗ ಸುದ್ದಿ ಪಂಕ್ತಿಯ ತುದಿ ಮುಟ್ಟಿತ್ತು. ಇಪ್ಪತ್ತಕ್ಕೆ ಅಡುಗೆಮನೆ. ಮೂವತ್ತು ಮುಗಿದು ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಹಿರಿಯರು ಎದುರಿಗೆ ಕೈಮುಗಿದು ನಿಂತಿದ್ದರು.

ನಾನು ಬಾಯಿ ಮುಚ್ಚಿಕೊಂಡೆ.

ಯಾಕೆಂದು ಕೇಳುತ್ತೀರಿ. ಹಿತವಾಗಿತ್ತು, ಅದಕ್ಕೆ. ನಲವತ್ತು ವರ್ಷ ನನ್ನ ತಾಟು ನೋಡಿ ನಕ್ಕ ಮಂದಿ ಮೊದಲ ಸಲ ನನ್ನ ತಾಟಿಗೆ ಕೈಮುಗಿದಿದ್ದರು. ಆಮೇಲೆ ನನ್ನ ರೋಗದ ಲಕ್ಷಣಗಳೆಲ್ಲ ಒಂದೊಂದಾಗಿ ಪುಣ್ಯದ ಲಕ್ಷಣಗಳಾದವು. ಪ್ರಸಾದವೆಂದು ಒಂದು ಚಮಚ ಬಾಸುಂದಿ ಬಾಯಿಗೆ ಬಿದ್ದ ದಿನ, ಎದೆ ಹೊಡೆದುಕೊಳ್ಳುತ್ತ, ಬಸ್ತಿಯ ಕಂಬಕ್ಕೊರಗಿ ಅರ್ಧ ತಾಸು ಕಣ್ಣು ಮುಚ್ಚಿ ಅಲುಗಾಡದೆ ಕೂತಿದ್ದೆ. ಅಲುಗಾಡಿದರೆ ಅನಾಹುತವಾಗುತ್ತಿತ್ತು. ಕಣ್ಣು ತೆರೆದಾಗ ಇಬ್ಬರು ಹೆಂಗಸರು ಧ್ಯಾನ ಕೆಡದಿರಲೆಂದು ಮಕ್ಕಳನ್ನು ದೂರ ಹಿಡಿದು ನಿಂತಿದ್ದರು. ಮಿರಜಿನಲ್ಲಿ ಅವ್ವನಿಗೆ ಸುದ್ದಿ ಹೋಯಿತು. ಅವಳು ಫೋನ್ ಮಾಡಿ ಸುಮ್ಮನೆ ಉಸಿರಾಡಿದಳು. ಅಳುತ್ತಿದ್ದಾಳೆಂದು ತಡವಾಗಿ ಗೊತ್ತಾಯಿತು. ಮಗ ದಾರಿಗೆ ಬಂದನೆಂಬ ಸಂತೋಷ. ಸುನಂದಾ ಮಾತ್ರ ಆವತ್ತು ಒಂದೇ ಮಾತು ಹೇಳಿದಳು, ಈ ಸುಳ್ಳಿಗೆ ಯಾವ ಡಾಕ್ಟರೂ ಆಪರೇಷನ್ ಮಾಡುವುದಿಲ್ಲ ಎಂದು. ನಾನು ಎದ್ದು ತಿರುಗಾಡತೊಡಗಿದೆ.

ಮಾಧವನಗರದಲ್ಲಿ ಅಕ್ಕನ ಮನೆ. ಅವಳ ಒಬ್ಬಳೇ ಮಗಳು ಪ್ರಾಜಕ್ತಾ, ಸಾಂಗಲಿಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಇಪ್ಪತ್ತಮೂರು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಮರಾಠಿ ಮುಂದೆ ಓಡುತ್ತದೆ. ಮುಖದ ಕಳೆ ಅಕ್ಕನದು, ಮೈ ನನ್ನದು. ವಡಾಪ್ ಅಂದರೆ ಸೀಟು ತುಂಬಿದ ಮೇಲೆ ಹೊರಡುವ ರಿಕ್ಷಾ. ಅದನ್ನು ಅವಳು ಹತ್ತಿದಾಗ ಪಕ್ಕದವರು ಸರಿದು ಕೂರುವ ರೀತಿ ಇದೆಯಲ್ಲ, ಅದರ ನೋವು ನನಗೆ ಗೊತ್ತು. ಗಂಡಿನ ಕಡೆಯವರು ಎರಡು ಸಲ ಬಂದು ಉಪ್ಪಿಟ್ಟು ತಿಂದು ಹೋಗಿದ್ದರು, ತಿರುಗಿ ಫೋನ್ ಮಾಡಿರಲಿಲ್ಲ. ಅವ್ವ ಪ್ರೀತಿಯಿಂದಲೇ ಅವಳಿಗೆ ಮಾಮಾನನ್ನು ನೋಡಿ ಕಲಿ ಎಂದಿದ್ದಾಳೆ. ಹುಡುಗಿ ಕಲಿತಳು. ಈ ವರ್ಷ ಮಳೆಗಾಲ ಶುರುವಾದಾಗ ಊನೋದರ ಹಿಡಿದಳು. ನನ್ನ ತಾಟನ್ನು ಕಣ್ಣಲ್ಲೇ ಅಳೆದು ಅಷ್ಟೇ ಬಡಿಸಿಕೊಂಡಳು. ಒಂದು ಹಿಡಿ ಅನ್ನ, ಎರಡು ಚಮಚ ಬೇಳೆ. ಕತ್ತರಿಸದ, ಗಟ್ಟಿಮುಟ್ಟಾದ, ಹಸಿದ ಹೊಟ್ಟೆಗೆ.

ಎರಡು ತಿಂಗಳಿಗೆ ಅವಳು ವಡಾಪಿನಲ್ಲೇ ಕಣ್ಣು ಕತ್ತಲಾಗಿ ಬಿದ್ದಳು. ಅಕ್ಕ ಫೋನ್ ಮಾಡಿದಳು, ಹೋದೆ. ಮಂಚದ ಮೇಲೆ ಮಲಗಿದ್ದ ಹುಡುಗಿಯ ತುಟಿ ಒಣಗಿತ್ತು. ಆದರೆ ನನ್ನನ್ನು ಕಂಡು ಕಣ್ಣಲ್ಲಿ ಬೆಳಕು ಬಂತು. ತನ್ನಂತೆಯೇ ದಾರಿ ನಡೆದವನು ಬಂದ ಎನ್ನುವ ಬೆಳಕು. "ಮಾಮಾ, ಮೊದಲ ಮೊದಲ ನಿಮಗೂ ಹಿಂಗಽ ಆಗ್ತಿತ್ತೇನ್ರಿ?" ಎಂದು ತನ್ನ ತಡವರಿಸುವ ಕನ್ನಡದಲ್ಲಿ ಕೇಳಿದಳು.

ಆಗ ಹೇಳಬೇಕಿತ್ತು. ನನ್ನ ಬಾಯಲ್ಲಿ ಯಾವ ತುತ್ತೂ ಇರಲಿಲ್ಲ. ನಾನು ಹೂಂ ಎಂದೆ, ಲಿಂಬು ಶರಬತ್ತು ಕುಡಿ ಎಂದೆ, ಅವಸರದ ಕೆಲಸವಿದೆ ಎಂದು ಎದ್ದುಬಂದೆ. ದಾರಿಯಲ್ಲಿ ಎರಡು ಕಡೆ ಗಾಡಿ ನಿಲ್ಲಿಸಬೇಕಾಯಿತು. ಎರಡನೆಯ ಕಡೆ ಹೊಟ್ಟೆಗೆ ಏನೂ ಆಗಿರಲಿಲ್ಲ, ಸುಮ್ಮನೆ ಬಾಗಿಲು ಹಾಕಿಕೊಂಡು ನಿಂತಿದ್ದೆ.

ಆಮೇಲೆ ಹದಿನೈದು ದಿನ ನನಗೆ ಎಲ್ಲಿಯೂ ನಿಲ್ಲಲಾಗಲಿಲ್ಲ. ಪೇಟೆಯಲ್ಲಿ ಹರಾಜು ನಡೆದಿರುವಾಗ ಹೊರಗೆ ಬರುತ್ತಿದ್ದೆ, ಹೊರಗೆ ಬಂದು ಯಾಕೆ ಬಂದೆನೆಂದು ನೆನಪಾಗದೆ ಒಳಗೆ ಹೋಗುತ್ತಿದ್ದೆ. ಪುಟಾಣಿ ತಿನ್ನುವ ಹೊತ್ತಿಗೆ ತಿನ್ನುವುದು ಮರೆತು, ಮರೆತ ಮೇಲೆ ಎರಡು ಪಾಲು ತಿಂದು ಒದ್ದಾಡಿದೆ. ಮಾಧವನಗರದ ಕಡೆಗೆ ಎರಡು ಸಲ ಹೊರಟು ಅರ್ಧ ದಾರಿಯಿಂದ ತಿರುಗಿದೆ. ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು, ಹತ್ತು ದಿನ ಬಸ್ತಿಯಲ್ಲಿ ಎಲ್ಲರೂ ನನ್ನನ್ನು ನೋಡಿದರು. ಹತ್ತನೆಯ ದಿನ ಅವ್ವ ಫೋನಿನಲ್ಲಿ ಹಿಗ್ಗಿ ಹೇಳಿದಳು, ಕ್ಷಮಾವಾಣಿಯ ಮರುದಿನ ಪ್ರಾಜಕ್ತಾ ಮುನಿಮಹಾರಾಜರ ಮುಂದೆ ನಿಂತು ಒಂದು ವರ್ಷದ ಊನೋದರದ ನಿಯಮ ತೆಗೆದುಕೊಳ್ಳುತ್ತಾಳಂತೆ. ಮುನಿಗಳ ಮುಂದೆ ತೆಗೆದುಕೊಂಡ ನಿಯಮವೆಂದರೆ ನಮ್ಮವರಲ್ಲಿ ಪ್ರಾಣ ಹೋದರೂ ಮುರಿಯುವುದಿಲ್ಲ. ಈ ಹುಡುಗಿಯಂತೂ ಮುರಿಯುವವಳಲ್ಲ.

ಕ್ಷಮಾವಾಣಿ ಅಂದರೆ ಪರ್ವ ಮುಗಿದ ಮೇಲೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಕೈಮುಗಿದು 'ಉತ್ತಮ ಕ್ಷಮಾ' ಎನ್ನುತ್ತೇವೆ, ಎದುರಿಗಿದ್ದವರೂ 'ಉತ್ತಮ ಕ್ಷಮಾ' ಎನ್ನುತ್ತಾರೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳೆಲ್ಲ ಅದರಲ್ಲಿ ಬಂದುಬಿಡುತ್ತವೆ. ಬಹಳ ಅನುಕೂಲದ ಪದ್ಧತಿ. ತಪ್ಪು ಯಾವುದು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಈಗಂತೂ ಮೊಬೈಲಿನಲ್ಲಿ ಒಂದೇ ಸಲ ಇನ್ನೂರು ಮಂದಿಗೆ ಕಳಿಸಿ ಸ್ನಾನಕ್ಕೆ ಹೋಗುತ್ತೇವೆ.

ಆ ದಿನ ಸಂಜೆ ಮಿರಜಿನ ಮನೆಯಲ್ಲಿ ಅವ್ವ, ಸುನಂದಾ, ಪ್ರಾಜಕ್ತಾ, ನಾನು. ತಮ್ಮನ ಮನೆಯವರು ಬಸ್ತಿಗೆ ಹೋಗಿದ್ದರು. ಮೋಡ ಕವಿದು ಬೆಳಗಿನಿಂದ ಸೂರ್ಯ ಕಂಡಿರಲಿಲ್ಲ. ಇಂಥ ದಿನ ಅವ್ವ ಆಕಾಶ ನೋಡುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ಹೊತ್ತು ನೋಡಿ, ಅದರ ಪಕ್ಕದ ಗಡಿಯಾರ ನೋಡುತ್ತಾಳೆ. ಅರ್ಧ ತಾಸಿಗಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಅವಳು ಭಾಕರಿ ಬಡಿಯುತ್ತಿದ್ದಳು. ಒಲೆಯ ಮೇಲೆ ಮಡಕಿ ಕಾಳಿನ ಪಲ್ಯ ಕುದಿಯುತ್ತಿತ್ತು. ಪ್ರಾಜಕ್ತಾ ತನ್ನ ತಾಟಿಗೆ ಅದೇ ಎರಡು ಚಮಚ ಬೇಳೆ ಹಾಕಿಕೊಂಡು ಕೂತಳು. ಕೂತವಳು ಎದ್ದು, ಅಜ್ಜಿಯ ಕೈ ಹಿಟ್ಟಿನಲ್ಲಿದ್ದುದರಿಂದ ಮೊದಲು ನನ್ನ ಹತ್ತಿರ ಬಂದು ಕೈಮುಗಿದಳು.

"ಉತ್ತಮ ಕ್ಷಮಾ, ಮಾಮಾ."

"ಉತ್ತಮ ಕ್ಷಮಾ, ಪ್ರಾಜು," ಎಂದೆ. ನನ್ನ ದನಿ ಎಲ್ಲರಂತೆ ಬರಲಿಲ್ಲ. ನಡುವೆ ಒಡೆಯಿತು. ಅವಳು ತಲೆಯೆತ್ತಿ ನೋಡಿದಳು. ಆಮೇಲೆ, ಈ ದಿನ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದಳು.

"ಕಶಾಬದ್ದಲ, ಮಾಮಾ?"

ಯಾತಕ್ಕಾಗಿ? ಅಷ್ಟೇ. ಹುಡುಗಿ ಸಹಜವಾಗಿ ಕೇಳಿದ್ದಳು. ಸುನಂದಾ ನೀರು ತುಂಬುವುದನ್ನು ನಿಲ್ಲಿಸಿದಳು. ನಾನು ಎದ್ದು ಬಾಗಿಲವರೆಗೆ ಹೋದೆ, ತಿರುಗಿ ಬಂದೆ. ಇನ್ನೊಮ್ಮೆ ಹೋಗೋಣವೆನ್ನಿಸಿತು. ಹೋಗಲಿಲ್ಲ.

"ನಾ ಊನೋದರ ಮಾಡಿಲ್ಲವಾ," ಎಂದೆ. ಮಾತು ಕನ್ನಡದಲ್ಲೇ ಬಂತು. "ನನ್ನ ಹೊಟ್ಟಿ ಕತ್ತರಿಸ್ಯಾರ. ಎಂಟ್ ವರ್ಷಾತು. ಹೆಚ್ಚಿಗಿ ತಿನ್ನಾಕ ಬರೂದಿಲ್ಲ ನನಗ, ಅದಕ್ಕ ತಿನ್ನೂದಿಲ್ಲ. ನೀ ನನ್ನ ನೋಡಿ ಉಪವಾಸ ಬಿದ್ದಿ. ಅದಕ್ಕ ಕ್ಷಮಾ."

ಭಾಕರಿ ಬಡಿಯುವ ಸದ್ದು ನಿಂತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ತಿರುಗಿ ಕೂತಳು.

"ಪಿತ್ತದ ಖಡಾ ಅಂದಿದ್ದೆಲ್ಲೋ?"

"ಅದು ಆಮ್ಯಾಲ ಆತವ್ವಾ."

"ಮತ್ತ ಹರ್ನಿಯಾ?"

"ಅದು ಇನ್ನೂ ಆಗಿಲ್ಲ."

ಸುನಂದಾ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ಇವತ್ತಿಗೂ ಹೇಳಿಲ್ಲ. ಪ್ರಾಜಕ್ತಾ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿತ್ತು, ಅದು ಸಿಟ್ಟಿನ ನೀರು. ತಾನು ಮಂಚದ ಮೇಲೆ ಬಿದ್ದು ಬಾಯಿಬಿಟ್ಟು ಕೇಳಿದ ದಿನ ಯಾಕೆ ಹೇಳಲಿಲ್ಲ ಎಂದಳು. ವಡಾಪಿನಲ್ಲಿ ಬಿದ್ದಾಗ ಗುರುತಿಲ್ಲದ ಗಂಡಸರು ತನ್ನನ್ನು ಎತ್ತಲಾರದೆ ಎತ್ತಿದ್ದನ್ನು ಹೇಳಿದಳು. ಎತ್ತುವಾಗ ಅವರಲ್ಲೊಬ್ಬ ಏನೆಂದ ಎಂಬುದನ್ನೂ ಹೇಳಿದಳು, ಅದನ್ನು ನಾನಿಲ್ಲಿ ಹೇಳುವುದಿಲ್ಲ. ಆಗಲೂ, ಮಾಮಾನೂ ಇದನ್ನೇ ದಾಟಿ ಬಂದಿದ್ದಾನೆ ಎಂದುಕೊಂಡು ಸಹಿಸಿದೆ ಎಂದಳು. ಇಷ್ಟೆಲ್ಲ ಮರಾಠಿಯಲ್ಲಿ, ಒಂದೇ ಉಸಿರಿನಲ್ಲಿ. ಇದಕ್ಕಿಂತ ಹೆಚ್ಚಿಗೆ ಬೈದಿದ್ದರೂ ಕಡಿಮೆಯೇ.

ಅವ್ವ ನನ್ನನ್ನು ಬೈಯುತ್ತಾಳೆಂದು ಕಾದೆ. ಎಂಟು ವರ್ಷದ ಸುಳ್ಳು, ಅದೂ ಫೋನಿನಲ್ಲಿ ಅತ್ತ ತಾಯಿಗೆ. ಅವಳು ಬಹಳ ಹೊತ್ತು ನನ್ನ ಹೊಟ್ಟೆಯ ಕಡೆಗೇ ನೋಡುತ್ತಿದ್ದಳು, ಅಂಗಿಯ ಹಿಂದೆ ಏನಿದೆಯೋ ಕಾಣುವಂತೆ.

"ನಿನಗ ಹಸಿವಿ ಆಗತದೇನು?" ಎಂದು ಕೇಳಿದಳು.

ಎಂಟು ವರ್ಷದಲ್ಲಿ ಯಾವ ಡಾಕ್ಟರೂ ಇದನ್ನು ಹೀಗೆ ಕೇಳಿರಲಿಲ್ಲ. ಏನು ತಿಂದಿರಿ, ಎಷ್ಟು ತಿಂದಿರಿ, ಎಷ್ಟು ಸಲ ಹೋದಿರಿ, ಎಲ್ಲ ಕೇಳಿದ್ದಾರೆ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಮೊಬೈಲಿನ ಗಂಟೆ ಬಾರಿಸಿದಾಗ ತಿನ್ನುತ್ತೇನೆ, ಕೈ ನಡುಗಿದಾಗ ತಿನ್ನುತ್ತೇನೆ. ಆದರೆ ಆ ಹಳೆಯ ಹಸಿವು, ಚಿಣಿದಾಂಡು ಬಿಸಾಡಿ ಓಡಿಬರುವಂತೆ ಮಾಡುತ್ತಿದ್ದ, ಒಲೆಯ ಹೊಗೆಗೇ ಬಾಯಲ್ಲಿ ನೀರು ತರಿಸುತ್ತಿದ್ದ ಹಸಿವು, ಅದು ಎಲ್ಲಿ ಹೋಯಿತು? ಅದನ್ನೇ ಶತ್ರುವೆಂದುಕೊಂಡು ಕತ್ತರಿಸಿ ಹಾಕಿಸಿದ್ದೆ. ಈಗ ಅದಿಲ್ಲವೆಂದು ಅವ್ವನ ಮುಂದೆ ಹೇಳಬೇಕಾದಾಗ ಯಾರೋ ಸತ್ತ ಸುದ್ದಿ ಹೇಳುವಂತಾಯಿತು.

"ಇಲ್ಲವ್ವಾ," ಎಂದೆ. "ಕೈ ನಡಗತಾವ, ಬೆವರ ಬರತದ. ಹಸಿವಿ ಬರೂದಿಲ್ಲ."

ಅವ್ವ ಪ್ರಾಜಕ್ತಾಳ ಕಡೆ ತಿರುಗಿದಳು. ಅವಳ ತಾಟಿನಲ್ಲಿದ್ದ ಎರಡು ಚಮಚ ಬೇಳೆಯನ್ನು ನೋಡಿದಳು. ತಾನೇ ಹೊಗಳಿ ಹೊಗಳಿ ರೂಢಿ ಮಾಡಿಸಿದ ಎರಡು ಚಮಚ. ಅವಳ ಮುಖ ಸಣ್ಣದಾಯಿತು.

"ಊನೋದರ ಅಂದ್ರ ಹಸದ ಹೊಟ್ಟ್ಯಾಗ ಒಂದ್ ತುತ್ತಿನ ಜಾಗಾ ಬಿಡೂದು, ಮಗಳ. ಹೊಟ್ಟೀನಽ ಬಿಡೂದಲ್ಲ," ಎಂದಳು. "ನಾನೂ ನೋಡಲಿಲ್ಲ. ನನಗೂ ಕ್ಷಮಾ ಮಾಡು."

ಅಜ್ಜಿ ಮೊಮ್ಮಗಳಿಗೆ ಕೈಮುಗಿದಳು, ಹಿಟ್ಟು ಮೆತ್ತಿದ ಕೈಗಳಲ್ಲೇ. ಪ್ರಾಜಕ್ತಾ ಅವನ್ನು ಹಿಡಿದು ಬಿಡಿಸಿದಳು. ನನ್ನ ಕಡೆ ನೋಡಲಿಲ್ಲ, ಆವತ್ತು ಪೂರ್ತಿ ನೋಡಲಿಲ್ಲ. ಮೂಗೊರೆಸಿಕೊಂಡು, ಗಡಿಯಾರ ನೋಡಿ, ತಾಟು ಮುಂದೆ ಸರಿಸಿ, "ಆಜೀ, ಭಾಕರಿ ಕೊಡ್ತೀ?" ಎಂದಳು.

ಆಮೇಲೆ ಇಪ್ಪತ್ತು ನಿಮಿಷ ಆ ಅಡುಗೆಮನೆಯಲ್ಲಿ ನಡೆದದ್ದು ಊಟವಲ್ಲ, ಓಟ. ಅವ್ವ ಬಡಿಯುವಳು, ಸುನಂದಾ ಬೇಯಿಸುವಳು, ಹುಡುಗಿ ತಿನ್ನುವಳು. ಮೊದಲ ಭಾಕರಿ ಪಲ್ಯದ ಜೊತೆ, ಎರಡನೆಯದು ಮೊಸರು ಶೇಂಗಾ ಚಟ್ನಿಯ ಜೊತೆ. ಬೆರಳು ನೆಕ್ಕುವುದನ್ನು ಯಾರಾದರೂ ನೋಡುತ್ತಾರೆಂಬ ಪರಿವೆಯೇ ಇರಲಿಲ್ಲ. ಹಸಿದವರು ಉಣ್ಣುವುದನ್ನು ಎಷ್ಟೋ ವರ್ಷದ ಮೇಲೆ ಹತ್ತಿರದಿಂದ ನೋಡಿದೆ. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು, ಯಾವುದು ಎಷ್ಟೆಂದು ಗೊತ್ತಾಗಲಿಲ್ಲ. ಎರಡನೆಯದು ಮುಗಿದಾಗ ಅವ್ವ ಇನ್ನೊಂದು ಹಾಕಹೋದಳು. ಹುಡುಗಿ ತಾಟಿನ ಮೇಲೆ ಕೈ ಅಡ್ಡ ಹಿಡಿದು, ಸಾಕು, ಒಂದು ತುತ್ತಿನ ಜಾಗ ಇರಲಿ ಎಂದಳು. ಎದ್ದು ಕೈ ತೊಳೆದಳು. ನಾಳೆ ಮಹಾರಾಜರ ಹತ್ತಿರ ಹೋಗಿ ಬರೀ ನಮಸ್ಕಾರ ಮಾಡಿ ಬರುತ್ತೇನೆ ಎಂದು ಹಿತ್ತಲಿನಿಂದಲೇ ಕೂಗಿ ಹೇಳಿದಳು.

ಈ ಗಡಿಬಿಡಿಯಲ್ಲಿ ನನ್ನ ತಾಟನ್ನು ಎಲ್ಲರೂ ಮರೆತಿದ್ದರು. ನಾನೂ ಮರೆತಿದ್ದೆ. ಮಾತಾಡಿದ ಆಯಾಸಕ್ಕೋ ಏನೋ, ಬೆರಳು ಸಣ್ಣಗೆ ನಡುಗತೊಡಗಿದವು. ಅವ್ವ ಅದನ್ನು ನನಗಿಂತ ಮೊದಲು ನೋಡಿದಳು. ಮಾತಿಲ್ಲದೆ ಕಾಲು ಭಾಕರಿ ಮುರಿದು, ಪಲ್ಯ ಹಾಕಿ, ನನ್ನ ಮುಂದಿಟ್ಟು ಎದುರಿಗೆ ಕೂತಳು. ನಾನು ಮೊದಲ ತುತ್ತು ಬಾಯಿಗಿಟ್ಟು ಅಗಿಯತೊಡಗಿದೆ. ಅವಳ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಳು. ಮೂವತ್ತು ಎಂದು ಸುನಂದಾ ಹೇಳಿಕೊಟ್ಟಿರಬೇಕು. ಎರಡನೆಯ ತುತ್ತು, ಮೂರನೆಯ ತುತ್ತು. ಅವಸರ ಮಾಡಿದರೆ ಗೂಟ, ಸಾವಕಾಶ ಮಾಡಿದರೆ ಹೊತ್ತು. ಗೋಡೆಯ ಮೇಲೆ ಮುಳ್ಳು ಕ್ಯಾಲೆಂಡರಿನ ಹೊತ್ತನ್ನು ಮುಟ್ಟಿತು, ನಾನು ನೋಡನೋಡುತ್ತಿದ್ದಂತೆ ದಾಟಿತು. ತಾಟಿನಲ್ಲಿ ಇನ್ನೂ ಐದಾರು ತುತ್ತು ಇದ್ದವು. ಈ ಮನೆಯಲ್ಲಿ ಇದಕ್ಕೆ ಎರಡನೆಯ ಮಾತಿಲ್ಲ. ಬಾಯಲ್ಲಿದ್ದುದನ್ನು ನುಂಗಿ, ಕೈ ತೊಳೆಯಲು ನೆಲಕ್ಕೆ ಕೈಯೂರಿ ಏಳಹೋದೆ.

ಅವ್ವ ಕಿಟಕಿಯ ಕಡೆ ನೋಡಿದಳು. ಗಲ್ಲಿಯಲ್ಲಿ ಮುನ್ಸಿಪಾಲಿಟಿಯ ದೀಪ ಹತ್ತಿ, ಅದರ ಬಿಳಿ ಬೆಳಕು ಕಿಟಕಿಯ ಸರಳುಗಳ ನಡುವಿನಿಂದ ನನ್ನ ತಾಟಿನ ಅಂಚಿಗೆ ಬಿದ್ದಿತ್ತು. ಅವಳ ಕಣ್ಣಿನ ಪೊರೆ ತೆಗೆಸಿ ವರ್ಷವಾಗಿದೆ, ಈಗ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ.

"ಕುಂದ್ರು," ಎಂದಳು. "ಇನ್ನೂ ಬೆಳಕೈತಿ. ಸಾವಕಾಶ ಉಣ್ಣು."